ಕಾರ್ಡಿಗೆ ಭಂಡಾರ ಹಚ್ಚಿದ ಭಾನುವಾರ

ಆಯಿಯನ್ನು ದಬ್ಬಿದವರು ಯಾರು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಕೇಳಿದವರಿಗೆಲ್ಲ ಅಣ್ಣನೇ ಎಂದು ಹೇಳಿದ್ದೆ, ಅವರೂ ನಂಬಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಅಣ್ಣನಿಗೆ ಆಗ ಹದಿನೇಳು, ನನಗೆ ಹನ್ನೊಂದು. ಈಚಿನ ಕೆಲವು ವರ್ಷಗಳಿಂದ ನನ್ನ ಎರಡೂ ಅಂಗೈಗಳಿಗೆ ಅವಳ ಬೆನ್ನೆಲುಬಿನ ಗಂಟುಗಳು ತಾಕಿದ ನೆನಪಾಗುತ್ತದೆ. ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು ಎನ್ನುವುದೂ ನೆನಪಾಗುತ್ತದೆ. ಆದರೆ ಹತ್ತು ವರ್ಷದ ಹಿಂದೆ ಈ ನೆನಪು ನನ್ನಲ್ಲಿ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಮಗೆ ಇತಿಹಾಸ ಕಲಿಸಿದ ಮೇಷ್ಟ್ರೊಬ್ಬರು, ಕಾಲ ಕಳೆದಂತೆ ವಿವರ ಹೆಚ್ಚು ಕೊಡುವ ಸಾಕ್ಷಿಯನ್ನು ಹತ್ತಿರ ಸೇರಿಸಬೇಡಿ ಎನ್ನುತ್ತಿದ್ದರು. ನಾನು ಅಂಥ ಸಾಕ್ಷಿ. ಆದ್ದರಿಂದ ಈ ಅಧ್ಯಾಯದಲ್ಲಿ ಎಲ್ಲರೂ ಒಪ್ಪುವ ಸಂಗತಿಗಳನ್ನು ಮೊದಲು ಬರೆದುಬಿಡುತ್ತೇನೆ.

ರಾಯಚೂರಿನಲ್ಲಿ ಹತ್ತಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮೂರು ಕೋಣೆ, ಒಂದರ ಬೆನ್ನಿಗೆ ಒಂದು, ರೈಲಿನ ಡಬ್ಬಿಗಳ ಹಾಗೆ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ. ನಡುವಿನ ಕೋಣೆಯಲ್ಲಿ ಗೋಡೆಗೆ ಒತ್ತಿಟ್ಟ ಆಯಿಯ ಕಬ್ಬಿಣದ ಟ್ರಂಕು, ಅದರ ಮೇಲೆ ಕಂಪ್ಯೂಟರು. ಹಿಂದೆ ಅಡುಗೆಮನೆ. ನಡುಕೋಣೆಗೂ ಅಡುಗೆಮನೆಗೂ ಮಧ್ಯೆ ಒಂದು ಗೇಣು ಎತ್ತರದ ಕಲ್ಲಿನ ಹೊಸ್ತಿಲು. ನೆಲಕ್ಕೆ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ನೀರು ಚೆಲ್ಲಿ ಬನಿಯನ್ನಿನಲ್ಲೇ ಮಲಗುತ್ತಿದ್ದೆವು. ಮುಚ್ಚಿಹೋದ ಇಂಟರ್ನೆಟ್ ಸೆಂಟರೊಂದರ ಹಳೆಯ ಮಷೀನನ್ನು ಅಣ್ಣ ಆಯಿಯ ಕಂಬಳಿಯಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತಂದಿದ್ದ. ಕೀಬೋರ್ಡಿನ ಅರ್ಧ ಅಕ್ಷರಗಳು ಯಾರ್ಯಾರದೋ ಬೆರಳಿಗೆ ಸವೆದುಹೋಗಿದ್ದವು. ಸೆಕೆಗೆ ಬಿಸಿಯಾಗುತ್ತದೆಂದು ಡಬ್ಬದ ಒಂದು ಪಕ್ಕದ ತಗಡನ್ನು ಅಣ್ಣ ತೆಗೆದೇ ಇಟ್ಟಿದ್ದ. ಒಳಗಿನ ತಂತಿ, ಫ್ಯಾನು, ಹಸಿರು ಹಲಗೆ ಎಲ್ಲ ಕಾಣುತ್ತಿತ್ತು.

ಅಪ್ಪ ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಮೇಲ್ವಿಚಾರಕ. ಆ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಅವನು ಮಾತಾಡಿದರೆ ಚೀರಿದಂತಿರುತ್ತಿತ್ತು. ನಾವು ಮೆಲ್ಲಗೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದೇವೆಂದು ತಿಳಿಯುತ್ತಿದ್ದ. ಊಟಕ್ಕೆ ಕೂತಾಗಲೇ ಹೆಚ್ಚಿನ ಜಗಳ. ರೊಟ್ಟಿ ಆರಿದೆ ಎಂದರೆ ತಾಟು ಹಾರುತ್ತಿತ್ತು. ಪುಂಡಿಪಲ್ಯೆ ಗೋಡೆಗೆ ಹತ್ತಿ ಇಳಿದ ಕಲೆಗಳ ಮೇಲೆ ಅವ್ವ ಹಬ್ಬಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದಳು, ನಾಲ್ಕು ದಿನಕ್ಕೆ ಕಲೆ ಮತ್ತೆ ಮೂಡುತ್ತಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಯಂತ್ರದ ಹಳೆಯ ಪಟ್ಟಿಯೊಂದು ತೂಗುತ್ತಿತ್ತು. ಎರಡು ಬೆರಳು ದಪ್ಪ, ತುದಿಗೆ ಕಬ್ಬಿಣದ ಕೊಂಡಿ. ಅಪ್ಪ ಅದರಿಂದ ಅಣ್ಣನನ್ನು ಹೊಡೆಯುತ್ತಿದ್ದ, ಅಣ್ಣ ನನ್ನನ್ನು ಕೈಯಿಂದ ಹೊಡೆಯುತ್ತಿದ್ದ. ನನಗೆ ಹೊಡೆಯಲು ಯಾರೂ ಉಳಿದಿರಲಿಲ್ಲ. ಅವರಿಬ್ಬರೂ ಇಲ್ಲದಾಗ ಕಂಪ್ಯೂಟರಿನ ಮುಂದೆ ಕೂತು ಪರದೆಯೊಳಗಿನ ಮನುಷ್ಯರನ್ನು ಕೊಲ್ಲುತ್ತಿದ್ದೆ. ಒಬ್ಬನೇ ಮತ್ತೆ ಮತ್ತೆ ಎದ್ದು ಬರುತ್ತಿದ್ದುದು ನನಗೆ ಬಹಳ ಹಿಡಿಸಿತ್ತು.

ಮನೆಯಲ್ಲಿ ಒಂದು ಕಾಯ್ದೆ ಇತ್ತು. ಆಯಿ ಕೈ ಚಾಚಿ ಅಡ್ಡ ಬಂದು ನಿಂತರೆ ಹೊಡೆತ ಅಲ್ಲಿಗೆ ಮುಗಿಯಬೇಕು. ಅಪ್ಪ ಎಷ್ಟೇ ಕುದಿಯುತ್ತಿದ್ದರೂ ಪಟ್ಟಿಯನ್ನು ಮೊಳೆಗೆ ಹಾಕಿ ಹೊರಗೆ ಹೋಗುತ್ತಿದ್ದ. ಆಯಿ ಹೊಡೆಸಿಕೊಳ್ಳುವವನಿಗೆ ಬೆನ್ನು ಕೊಟ್ಟು, ಹೊಡೆಯುವವನಿಗೆ ಮುಖ ಕೊಟ್ಟು ನಿಲ್ಲುತ್ತಿದ್ದಳು. ಕುರಿಹಿಂಡಿಗೂ ನಾಯಿಗೂ ನಡುವೆ ಹಾಗೆಯೇ ನಿಲ್ಲುವುದೆಂದು ಒಮ್ಮೆ ಹೇಳಿದ್ದಳು. ಅರಕೇರಾದಲ್ಲಿ ಮದುವೆಗೆ ಮುಂಚೆ ಅವಳು ಕುರಿ ಕಾಯ್ದವಳು.

ಅಣ್ಣನ ಆಟದ ತೊಂದರೆ ಏನೆಂದರೆ, ಬಂದೂಕು ಹಿಡಿದ ಮನುಷ್ಯ ನಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ, ಒಂದು ಚಿತ್ರದಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದ. ಗುಂಡು ಹೊಡೆದರೆ ಸದ್ದು ಮೊದಲು ಬರುತ್ತಿತ್ತು. ಬೀಳಬೇಕಾದವನು ಯೋಚನೆ ಮಾಡಿ ಬೀಳುವಷ್ಟರಲ್ಲಿ ಅಣ್ಣ ಸತ್ತಿರುತ್ತಿದ್ದ. ಬಜಾರಿನಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡುವ ಖಾದರ್ ಭಾಯಿಗೆ ಅಣ್ಣ ಇದನ್ನು ಹೇಳಿಕೊಂಡಾಗ ನಾನೂ ಜೊತೆಗಿದ್ದೆ.

"ಬೀರೂ, ನಿನ್ನ ಡಬ್ಬಾದಾಗ ಲೆಕ್ಕ ಮಾಡವನೂ ಅವನ, ಚಿತ್ರ ಬರಿಯವನೂ ಅವನ," ಅಂದ ಖಾದರ್ ಭಾಯಿ. "ಒಬ್ಬವ ಎಷ್ಟಂತ ಸಾಯಬೇಕು? ಚಿತ್ರಕ್ಕ ಬ್ಯಾರೆ ಆಳು ಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕು."

"ಎಲ್ಲಿಂದ ತರಲಿ ಭಾಯಿ?"

"ತರೋದು ನಕ್ಕೋ, ಬ್ಯಾಡ. ಇಲ್ಲಿ ಬಂದು ಧೂಳ ಊದು. ದೀಪಾವಳಿ ಮಟ ಊದು, ಒಂದು ಕೊಡ್ತೀನಿ."

ಅಣ್ಣ ಮೂರು ತಿಂಗಳು ದಿನಾ ಕಾಲೇಜು ಮುಗಿದ ಕೂಡಲೇ ಅಲ್ಲಿಗೆ ಹೋಗಿ ಹಳೆಯ ಮಷೀನುಗಳ ಧೂಳು ಊದಿದ. ರಾತ್ರಿ ಊಟಕ್ಕೆ ಬಂದರೆ ಹುಬ್ಬು ಬೆಳ್ಳಗಾಗಿರುತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಅಪ್ಪ ಹೊಡೆದ, ಅಣ್ಣ ಹೇಳಲಿಲ್ಲ. ಕೊನೆಗೊಂದು ದಿನ ಸತ್ತ ಮಷೀನಿನಿಂದ ಕಿತ್ತ ಕಾರ್ಡನ್ನು ಖಾದರ್ ಭಾಯಿ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಅಂಗೈಗಿಂತ ಸ್ವಲ್ಪ ದೊಡ್ಡ ಹಲಗೆ, ಮೇಲೊಂದು ಪುಟ್ಟ ಫ್ಯಾನು, ಒಂದು ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳು. ಆ ಹಲ್ಲುಗಳೇ ಡಬ್ಬದೊಳಗಿನ ಸೀಳಿಗೆ ಕಚ್ಚಿಕೊಳ್ಳಬೇಕು.

ಭಾನುವಾರ ಮಧ್ಯಾಹ್ನ. ಅಪ್ಪ ಮಂಚದ ಮೇಲೆ, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಡಬ್ಬವನ್ನು ಮಲಗಿಸಿ ಸಿದ್ಧಮಾಡಿಕೊಂಡಾಗ ಆಯಿ ಬಂದು ಪಕ್ಕದಲ್ಲಿ ಕೂತಳು. ಊರು ಬಿಟ್ಟರೂ ಅವಳು ಸೊಂಟದ ಭಂಡಾರದ ಚೀಲ ಬಿಟ್ಟಿರಲಿಲ್ಲ. ಭಂಡಾರ ಎಂದರೆ ಬೀರದೇವರ ಅರಿಶಿನದ ಪುಡಿ. ಮನೆಗೆ ಹೊಸದೇನು ಬಂದರೂ ಆಯಿ ಅದಕ್ಕೆ ಭಂಡಾರ ಹಚ್ಚಬೇಕು: ಸೈಕಲ್ಲು, ಮಿಕ್ಸರು, ನನ್ನ ಕಂಪಾಸು, ಪ್ರತಿ ಸಲದ ಗ್ಯಾಸ್ ಸಿಲಿಂಡರು. ಹಚ್ಚದೆ ಬಳಸಿದ ವಸ್ತು ಮನೆಯವರ ರಕ್ತ ಕೇಳುತ್ತದೆ ಎನ್ನುವುದು ಅವಳ ನಂಬಿಕೆ.

"ಅದಕ್ಕ ಭಂಡಾರ ಹಚ್ಚಿಲ್ಲ," ಅಂದಳು.

"ಆಯಿ, ಇದರ ಮ್ಯಾಲ ಧೂಳ ಬೀಳಬಾರದು."

"ಭಂಡಾರ ಧೂಳೇನಲೇ?"

"ಕಂಪ್ಯೂಟರಿಗಿ ಎರಡೂ ಒಂದ."

"ನಿನ್ನ ಹೆಸರಿನ ದೇವರ ಭಂಡಾರ ಅದು. ಹುಟ್ಟಿದ ದಿನಾನ ನಿನಗ ಹಚ್ಚೀನಿ. ನೀ ಕೆಟ್ಟಿಯೇನು?"

"ಕೆಟ್ಟಾನ ಅಂತನ ನಾ ಬಡಕೊಳ್ಳಾಕತ್ತೀನಿ," ಮುಂದಿನ ಕೋಣೆಯಿಂದ ಅಪ್ಪ ಅಂದ. ಅವನಿಗೆ ಬೇಕಾದ ಮಾತು ಅರ್ಧ ಕಿವಿಯಲ್ಲೂ ಕೇಳುತ್ತಿತ್ತು.

ಅಣ್ಣ ನಕ್ಕ. ಆ ದಿನ ಅವನು ನಕ್ಕದ್ದನ್ನು ನಾನು ಖಂಡಿತ ನೋಡಿದ್ದೇನೆ. ಸಣ್ಣ ಸ್ಕ್ರೂಡ್ರೈವರ್ ಇರಲಿಲ್ಲ. ಪಕ್ಕದ ಮನೆಗೆ ಕೇಳಲು ಹೊರಟವನು ಕಾರ್ಡನ್ನು ನನ್ನ ಕೈಗಿಟ್ಟು, "ಯಾರಿಗೂ ಮುಟ್ಟಾಕ ಕೊಡಬ್ಯಾಡ," ಅಂದ. ಅವನು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದ ಆಯಿ ತಂಬಿಗೆಯ ನೀರಲ್ಲಿ ಹೆಬ್ಬೆರಳು ಅದ್ದಿದಳು.

"ಮಲ್ಲೂ, ಇದರ ಹಣಿ ಯಾವ ಕಡಿ ಅದ?"

ನಾನು ಬಂಗಾರದ ಹಲ್ಲುಗಳನ್ನು ತೋರಿಸಿದೆ. ಹೊಳೆಯುತ್ತಿದ್ದುದು ಅದೊಂದೇ. ಆಯಿ ಒದ್ದೆ ಹೆಬ್ಬೆರಳಿನಿಂದ ಆ ಉದ್ದಕ್ಕೂ ಭಂಡಾರ ಎಳೆದಳು, ಉಳಿದ ಚಿಟಿಕೆಯನ್ನು ಫ್ಯಾನಿನ ಮೇಲೆ ತೂರಿದಳು, ಕಣ್ಣು ಮುಚ್ಚಿ ಕೈ ಮುಗಿದಳು. ನಾನೂ ಮುಗಿದೆ.

ಅಣ್ಣ ಬಂದು ನೋಡಿದ. ಬನಿಯನ್ನಿನ ಅಂಚಿನಿಂದ ಹಲ್ಲುಗಳನ್ನು ಒರೆಸಿದ, ಊದಿದ, ಮತ್ತೆ ಒರೆಸಿದ. ಮೂರು ತಿಂಗಳಲ್ಲಿ ಅವನಿಗೆ ಊದುವುದು ಚೆನ್ನಾಗಿ ರೂಢಿಯಾಗಿತ್ತು. ಕಾರ್ಡನ್ನು ಸೀಳಿಗೆ ಒತ್ತಿ ಸ್ಕ್ರೂ ಬಿಗಿದು ಡಬ್ಬವನ್ನು ಟ್ರಂಕಿನ ಮೇಲೆ ಗೋಡೆಗೆ ಒತ್ತಿಟ್ಟ. ಹಿಂಬದಿಗೆ ಅವನ ಕೈ ಹೋಗುತ್ತಿರಲಿಲ್ಲ, ನನ್ನದು ಹೋಗುತ್ತಿತ್ತು. ವಾಯರು ಹಚ್ಚು ಅಂದ. ನಾನು ಬೆರಳಿನಿಂದ ತಡವಿ ಒಂದೊಂದನ್ನೇ ಚುಚ್ಚಿದೆ. ಅಣ್ಣ ಸ್ವಿಚ್ ಒತ್ತಿದ. ಪುಟ್ಟ ಫ್ಯಾನು ತಿರುಗಿತು, ಅದರೊಳಗಿನ ಭಂಡಾರವನ್ನೆಲ್ಲ ಒಮ್ಮೆಲೇ ಉಗುಳಿತು. ಅಣ್ಣನ ಮುಖ, ಗೋಡೆ, ಪರದೆ ಎಲ್ಲ ಹಳದಿಯಾಯಿತು. ಪರದೆಯ ಮೇಲೆ ಸಿಗ್ನಲ್ ಇಲ್ಲ ಎನ್ನುವ ಇಂಗ್ಲಿಷ್ ಬರಹದ ಪೆಟ್ಟಿಗೆಯೊಂದು ಮೂಲೆಯಿಂದ ಮೂಲೆಗೆ ತೇಲತೊಡಗಿತು. ಅಣ್ಣ ಆರಿಸಿ ಹಚ್ಚಿದ. ಮೂರು ಸಲ. ಮೂರು ಸಲವೂ ಅದೇ ಪೆಟ್ಟಿಗೆ.

"ನನ್ನ ಮೂರು ತಿಂಗಳು ತಿಂದಿ ಮುದುಕಿ," ಅಂದ ಅಣ್ಣ.

ಕಾರ್ಡನ್ನು ಕಿತ್ತು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಆಯಿಯ ಸೊಂಟದ ಚೀಲಕ್ಕೆ ಕೈ ಹಾಕಿ ಎಳೆದ. ದಾರ ಹರಿಯುವಾಗ ಆಯಿ ಒಂದು ಸುತ್ತು ತಿರುಗಿದಳು. ಅವನು ಎಸೆದ ಚೀಲ ಅಡುಗೆಮನೆ ದಾಟಿ ಹಿಂದಿನ ಬಚ್ಚಲಿಗೆ ಬಿತ್ತು. ಅವ್ವನ ರೊಟ್ಟಿ ಬಡಿಯುವ ಸದ್ದು ನಿಂತಿತು. ದೇವರ ಭಂಡಾರ ಬಚ್ಚಲಲ್ಲಿ ಬಿದ್ದದ್ದು ಆ ಮನೆಯಲ್ಲಿ ತಾಟು ಹಾರಿದ ಹಾಗಲ್ಲ. ಅಪ್ಪ ಪಟ್ಟಿ ಹಿಡಿದೇ ಒಳಗೆ ಬಂದ. ಎರಡು ಏಟು ಅಣ್ಣನ ಭುಜಕ್ಕೆ ಬಿದ್ದವು. ಕಾರ್ಡು ಅವನ ಕೈಯಿಂದ ನೆಲಕ್ಕೆ ಜಾರಿತು. ಮೂರನೆಯ ಏಟನ್ನು ಅಣ್ಣ ಹಿಡಿದುಕೊಂಡ. ಅಪ್ಪ ಎಳೆದ, ಅಣ್ಣ ಬಿಡಲಿಲ್ಲ. ಪಟ್ಟಿ ಕೈ ಬದಲಾಯಿತು. ಅಣ್ಣ ಅದನ್ನು ಬೀಸಿದಾಗ ಕಬ್ಬಿಣದ ಕೊಂಡಿ ಅಪ್ಪನ ಬಾಯಿಗೆ ಬಿತ್ತು. ತುಟಿ ಸೀಳಿತು, ಮುಂದಿನ ಒಂದು ಹಲ್ಲು ಶಹಾಬಾದ್ ಕಲ್ಲಿನ ಮೇಲೆ ಚಿಮ್ಮಿ ನನ್ನ ಕಾಲ ಬಳಿ ಬಂತು. ಅಪ್ಪ ಗೋಡೆಗೆ ಒರಗಿ ಕುಸಿದು ಕೂತ. ಕೊಂದುಹಾಕುತ್ತೇನೆ ಎಂದು ಏಳಲು ನೋಡುತ್ತಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅವನ ಮೇಲೆ ಬಾಗಿದಳು. ಅಣ್ಣ ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಮಾಡಿ ನಿಂತು ಪಟ್ಟಿಯನ್ನು ಮತ್ತೆ ಎತ್ತಿದ.

ಆಗ ಆಯಿ ಅಡ್ಡ ಬಂದಳು. ತನ್ನ ಮಗನಿಗೆ ಬೆನ್ನು, ಮೊಮ್ಮಗನಿಗೆ ಮುಖ. ಕೈ ಚಾಚಿದ್ದಳು. ಅವಳು ಅಣ್ಣನಿಗೆ ಎದುರಾಗಿ ನಿಂತದ್ದು ಅದೇ ಮೊದಲು. ಕಾರ್ಡು ಅವಳ ಎಡಗಾಲಿನ ಹಿಮ್ಮಡಿಯ ಕೆಳಗಿತ್ತು. ಅದು ಮುರಿಯುತ್ತದೆ ಎಂದು ನನಗೆ ಅನಿಸಿದ್ದು ನಿಜ. ಅಪ್ಪನ ಬಾಯಲ್ಲಿ ರಕ್ತ, ಅಣ್ಣನ ಕೈಯಲ್ಲಿ ಪಟ್ಟಿ, ನನಗೆ ಮಾತ್ರ ಕಾರ್ಡಿನದೇ ಚಿಂತೆ. ನಾನು ಅವಳ ಹಿಂದೆ ಹೋದೆ.

ಮುಂದಿನ ಒಂದು ಕ್ಷಣ ಯಾರ ಬಳಿಯೂ ಸರಿಯಾಗಿಲ್ಲ. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದಾಯಿತು. ಆಯಿ ಹೊಸ್ತಿಲ ಮೇಲೆ ಬಿದ್ದಿದ್ದಳು, ಬಲ ಮುಂಗೈ ಇರಬಾರದ ಕಡೆ ತಿರುಗಿತ್ತು. ಅವಳು ಅಳಲಿಲ್ಲ. ಅಪ್ಪ ಅವ್ವನನ್ನು ಸರಿಸಿ ಎದ್ದುಬಂದ.

"ನನ್ನ ಹೆತ್ತವ್ವನ್ನ ಬಡದಿ ಬಾಡ್ಯಾ," ಅಂದ.

"ನಾ ಬಡದಿಲ್ಲ."

"ಮಲ್ಲೂ, ನೀ ಅಲ್ಲೇ ಇದ್ದಿ. ಯಾರು ದಬ್ಬಿದ್ರು?"

ಕಾರ್ಡು ಆಗ ನನ್ನ ಕೈಯಲ್ಲಿತ್ತು. ಅಣ್ಣ ನನ್ನ ಮುಖ ನೋಡಿದ.

"ಅಣ್ಣ," ಅಂದೆ.

ಅಣ್ಣ ಪಟ್ಟಿಯನ್ನು ನೆಲಕ್ಕೆ ಹಾಕಿದ. ಅಪ್ಪ ಅದನ್ನೆತ್ತಿಕೊಂಡು ಹೊಡೆದ ಹೊಡೆತಗಳನ್ನು ನಾನು ಎಣಿಸಲಿಲ್ಲ. ಅಡ್ಡ ಬರುವವಳು ಹೊಸ್ತಿಲ ಮೇಲಿದ್ದಳು. ಓಣಿಯ ಮಂದಿ ಬಂದು ಬಿಡಿಸಿದರು. ಅಣ್ಣ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ರಕ್ತ ಅಂಟಿದ ಬನಿಯನ್ನಿನಲ್ಲೇ ಹೊರಗೆ ನಡೆದ. ಅಪ್ಪ ಕಂಪ್ಯೂಟರನ್ನು ಎತ್ತಿ ತಂದು ಅಂಗಳದ ಕಲ್ಲಿಗೆ ಅಪ್ಪಳಿಸಿದ. ಒಳಗೆ ಉಳಿದಿದ್ದ ಭಂಡಾರ ಅಲ್ಲಿಯೂ ಸ್ವಲ್ಪ ಹಾರಿತು.

ಅಣ್ಣ ಮಾನ್ವಿಗೆ ಹೋದ, ಅವ್ವನ ತಮ್ಮನ ಮನೆಗೆ. ಮತ್ತೆ ಬರಲಿಲ್ಲ. ಅಪ್ಪ ಬರಗೊಡಲಿಲ್ಲ. ಆಯಿ ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟರನ್ನು ಎಂಟೇ ದಿನಕ್ಕೆ ಒಡೆಸಿ ದೇವದುರ್ಗದಲ್ಲಿ ಎಲುಬು ಕಟ್ಟುವವನ ಬಳಿ ಹೋದಳು. ಕೈ ಸೊಟ್ಟಗೆ ಕೂಡಿತು. ಅವಳನ್ನು ಒಮ್ಮೆ ಕೇಳಿದೆ. "ಕಾಲು ಜಾರ್ತು ಯಪ್ಪಾ," ಅಂದಳು. ಅದು ಮೂರನೆಯ ಹೇಳಿಕೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳು ತೀರಿದ ದಿನ ಅಪ್ಪ ನನ್ನಿಂದ ಫೋನ್ ಮಾಡಿಸಿದ: ಬೀರನಿಗೆ ಬರಬೇಡ ಅನ್ನು, ಬಂದರೆ ಎರಡು ಹೆಣ ಹೋಗುತ್ತವೆ ಅನ್ನು. ನಾನು ಎರಡನ್ನೂ ಹೇಳಿದೆ.

ಹೋದ ವರ್ಷ, ಅಂಗೈಯ ಆ ನೆನಪು ಬಿಡದೆ ಕಾಡತೊಡಗಿದ ಮೇಲೆ, ವಿಚಾರಣೆ ಶುರುಮಾಡಿದೆ. ಅಪ್ಪ, "ನನ್ನ ಕಣ್ಣಿಲೆ ನೋಡೀನಿ," ಅಂದ. ಅವ್ವ ಒಳಗಿನಿಂದಲೇ, "ಏನು ನೋಡಿದ್ರಿ? ನಿಮ್ಮ ಮಾರಿ ಮುಂದ ನಾ ಇದ್ನಿ. ಎರಡೂ ಭುಜ ಒತ್ತಿ ಹಿಡ್ದಿದ್ನಿ. ನಿಮಗ ನನ್ನ ಸೆರಗು ಕಂಡಿತ್ತು," ಅಂದಳು. ಅಪ್ಪ ಟೀವಿಯ ಸದ್ದು ಏರಿಸಿದ. ಹಾಗಾದರೆ ಆಯಿಯ ಬೆನ್ನಿನ ಕಡೆ ಕೈ ಖಾಲಿ ಇದ್ದವನು ನಾನೊಬ್ಬನೇ.

ಮಾನ್ವಿಯ ಬಸ್ ಸ್ಟ್ಯಾಂಡಿನ ಹಿಂದೆ ಅಣ್ಣನ ರಿಪೇರಿ ಅಂಗಡಿ. ತಲೆ ಎತ್ತದೆ ಅಂದ:

"ಪ್ರೊಫೆಸರು ಬಂದ್ರು. ಪಂಚನಾಮಿ ಮಾಡಾಕ ಇಷ್ಟು ವರ್ಷ ಬೇಕಾತೇನಲೇ?"

ಅವ್ವ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಕೂರಲು ಸ್ಟೂಲು ಸರಿಸಿ ಕೊಟ್ಟ. ಕಾರ್ಡಿನ ಮಾತು ಅವನೇ ತೆಗೆದ.

"ಅದಕ್ಕೇನೂ ಆಗಿರಲಿಲ್ಲ ಗೊತ್ತೇನು? ಅವತ್ತ ಬಸ್ ಹತ್ತೋಕ್ಕಿಂತ ಮೊದಲು ಖಾದರ್ ಭಾಯಿ ಕಡಿ ಹೋದೆ. ಹಚ್ಚಿದ ಕೂಡ್ಲೆ ಬಂತು. ಮಾನಿಟರಿನ ವಾಯರು ಕಾರ್ಡಿನ ತೂತಿನಾಗ ಹಾಕಬೇಕಿತ್ತು. ನಮ್ದು ಹಳೇ ತೂತಿನಾಗ ಇತ್ತು."

"ವಾಯರು ಹಚ್ಚಿದವ ನಾನು."

"ನೀ ಏನು ಮಾಡ್ತಿ, ನಾ ಹೇಳಿರಲಿಲ್ಲಲ್ಲ. ತಪ್ಪು ನಂದ."

ನನ್ನ ಅಂಗೈಯ ನೆನಪನ್ನು ಹೇಳಿದೆ. ದಬ್ಬಿದವನು ನಾನಿರಬೇಕು, ಅವತ್ತು ನಾನು ಸುಳ್ಳು ಹೇಳಿರಬೇಕು ಅಂದೆ. ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು, ಎದ್ದು, ಟೇಬಲ್ಲು ಸುತ್ತಿ ಬಂದು ನನ್ನ ಕೆನ್ನೆಗೆ ಬಾರಿಸಿದ. ಸ್ಟೂಲಿನ ಸಮೇತ ಬಿದ್ದೆ. ಹೊರಗೆ ನಿಂತಿದ್ದವರು ಒಳಗೆ ಇಣುಕಿದರು.

"ಇದು ದಬ್ಬಿದ್ದಕ್ಕಲ್ಲ," ಅಂದ. "ಆಯಿ ಸತ್ತಾಗ ಬರಬ್ಯಾಡ ಅಂತ ಫೋನ್ ಮಾಡಿದಿಯಲ್ಲ, ಅದಕ್ಕ. ಏಳು. ಚಾ ಕುಡಿ."

ಚಹಾ ಬಂತು. ಕೆನ್ನೆ ಉರಿಯುತ್ತಿತ್ತು. ಅಣ್ಣ ತನ್ನ ಲೋಟ ಮುಟ್ಟದೆ ಹೇಳಿದ:

"ನಾನ ದಬ್ಬೀನಿ ಮಲ್ಲೂ. ಮೊದಲು ಇಲ್ಲ ಅಂತಿದ್ದೆ. ಆಮ್ಯಾಲ ನೆನಪಾತು. ಎರಡೂ ಭುಜ ಹಿಡಿದು ಹಿಂದಕ್ಕ ದಬ್ಬೀನಿ. ಆಕಿ ಗದ್ದದಿಂದ ರಕ್ತ ಸೋರಾಕತ್ತಿತ್ತು. ದಿನಾ ಕಾಣ್ತದ ನನಗ."

ತಪ್ಪು ನನ್ನದು ಅನ್ನುವುದು ಅಣ್ಣನ ರೂಢಿ. ಅರ್ಧ ಗಂಟೆಯ ಹಿಂದೆ ವಾಯರಿನ ತಪ್ಪನ್ನೂ ಅವನು ಹಾಗೆಯೇ ಎತ್ತಿಕೊಂಡಿದ್ದ. ಅವನ ನೆನಪೂ ನನ್ನದರ ಹಾಗೆ ತಡವಾಗಿ ಬಂದದ್ದು. ಆದರೆ ಗದ್ದದ ರಕ್ತ ನನಗೆ ಹೊಸದು. ಎದುರಿನಿಂದ ಹಿಂದಕ್ಕೆ ದಬ್ಬಿಸಿಕೊಂಡವರು ಅವ್ವ-ಅಪ್ಪ ಇದ್ದ ಕಡೆಗೆ ಅಂಗಾತ ಬೀಳಬೇಕು. ಗದ್ದಕ್ಕೆ ಹೇಗೆ ಪೆಟ್ಟಾಗುತ್ತದೆ? ಇದನ್ನು ಅಣ್ಣನಿಗೆ ಹೇಳಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದರೆ, ಆಯಿಯ ಗದ್ದಕ್ಕೇನೂ ಆಗಿರಲಿಲ್ಲ, ಅದು ಅಪ್ಪನ ಬಾಯಿಯ ರಕ್ತ, ಅವಳನ್ನು ಎತ್ತುವಾಗ ಅಂಟಿರಬೇಕು ಅಂದಳು. ಅಪ್ಪ ನೆನಪಿಲ್ಲ ಅಂದ.

ಅವ್ವ ಯಾವ ಕಾಗದವನ್ನೂ ಎಸೆಯುವವಳಲ್ಲ. ರೇಷನ್ ಕಾರ್ಡು, ನನ್ನ ಅಂಕಪಟ್ಟಿಗಳು, ಸೀರೆಯ ರಸೀದಿಗಳನ್ನೆಲ್ಲ ಸೇರಿಸಿಟ್ಟ ಪ್ಲಾಸ್ಟಿಕ್ ಕವರನ್ನು ನೆಲಕ್ಕೆ ಸುರಿದು ಒಂದು ಇಡೀ ಬೆಳಿಗ್ಗೆ ಹುಡುಕಿದೆ. ಆ ಭಾನುವಾರದ ಆಸ್ಪತ್ರೆಯ ಚೀಟಿ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಡಾಕ್ಟರರ ಇಂಗ್ಲಿಷ್ ಬರಹವನ್ನು ನಾನು ಓದಿದೆ, ನನ್ನ ಓದನ್ನು ನಂಬಲಿಲ್ಲ. ಬೇರೆ ಬೇರೆ ದಿನ ಇಬ್ಬರು ಡಾಕ್ಟರರಿಗೆ ತೋರಿಸಿದೆ, ಒಬ್ಬರು ಏನೆಂದರೆಂದು ಇನ್ನೊಬ್ಬರಿಗೆ ಹೇಳಲಿಲ್ಲ. ಇಬ್ಬರೂ ಒಂದೇ ಓದಿದರು: ಬಲ ಮುಂಗೈ ಮೂಳೆ ಮುರಿತ, ಗದ್ದದ ಕೆಳಗೆ ಗಾಯ, ಎರಡು ಹೊಲಿಗೆ. ಆಯಿ ಮುಂದಕ್ಕೆ ಬಿದ್ದಿದ್ದಳು.